ಒಂದೇ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಸ್ಟೇಬಲ್ ಮತ್ತು ಟೆಸ್ಟಿಂಗ್: ಬುಕ್‌ವರ್ಮ್‌ನಿಂದ ಟ್ರಿಕ್ಸಿವರೆಗಿನ ಕೆಲಸದ ದಾಖಲೆ

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನ 13ನೇ ಆವೃತ್ತಿ, ಅಂದರೆ ಟ್ರಿಕ್ಸಿ, 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಬಿಡುಗಡೆಯಾದ ಆವೃತ್ತಿಗೆ ಸ್ಟೇಬಲ್, ಮುಂದಿನದಾಗಿ ತಯಾರಾಗುತ್ತಿರುವುದಕ್ಕೆ ಟೆಸ್ಟಿಂಗ್ ಎಂದು ಹೆಸರು. ಟ್ರಿಕ್ಸಿಗೆ ಮುಂಚಿನ ಸ್ಟೇಬಲ್ ಡೆಬಿಯನ್ 12, ಅಂದರೆ ಬುಕ್‌ವರ್ಮ್. ಟ್ರಿಕ್ಸಿಯನ್ನು ಅದಿನ್ನೂ ಟೆಸ್ಟಿಂಗ್ ಆಗಿದ್ದ ದಿನಗಳಿಂದಲೇ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಸ್ಟೇಬಲ್‌ನ ಪಕ್ಕದಲ್ಲಿ ಓಡಿಸುತ್ತಾ ಬಂದೆ. ಕೆಲಸ ಮುಗಿದಿದೆ, ಆಗಾಗ ಗುರುತು ಹಾಕಿಕೊಂಡಿದ್ದನ್ನು ಕ್ರಮವಾಗಿ ಬರೆದಿದ್ದೇನೆ. ಮುಂದಿನ ಸ್ಟೇಬಲ್‌ನಲ್ಲಿ ಕನ್ನಡದ ಟೈಪಿಂಗ್, ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವುದು), ಪಿಡಿಎಫ್ ಕೆಲಸ ಹೇಗೆ ನಡೆಯುತ್ತದೆ ಎಂದು ಮುಂಚೆಯೇ ನೋಡಬೇಕಿತ್ತು, ಏನಾದರೂ ಕೆಟ್ಟಿದ್ದರೆ ಆಗಲೇ ದೂರು ಕೊಡಬೇಕಿತ್ತು. ಬಿಡುಗಡೆ ಆದಮೇಲೆ ಹೇಳಿದರೆ ಏನಾಗುತ್ತದೆ ಎಂಬುದು 6ನೇ ಹಂತದಲ್ಲಿದೆ. ಅವಸರವಿದ್ದವರು ಅದೊಂದನ್ನಾದರೂ ಓದಿ.

ಸಾಮಾನು: 6ನೇ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್. ಹೊಸದಾಗಿ ಕೊಂಡಿದ್ದು 256 ಜಿಬಿ ಎಸ್‌ಎಸ್‌ಡಿ (₹1,750) ಮತ್ತು 16 ಜಿಬಿ ಪೆನ್‌ಡ್ರೈವ್ (₹380). ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನದು, ದಿನಕ್ಕೆ 2 ಜಿಬಿ ಮಿತಿ. ಈ ಮಿತಿ ಮುಂದೆ ಕೆಲವು ತೀರ್ಮಾನಗಳನ್ನು ತಾನೇ ಮಾಡಿತು.

ಹಂತ 1. ಫೆಬ್ರವರಿ 2024: ಡಿಸ್ಕ್ ಹಂಚಿಕೆ

256 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿ ಸಿಸ್ಟಂನಲ್ಲಿ 238 ಜಿಬಿ ಎಂದು ಕಾಣುತ್ತದೆ. ಬೂಟ್ ಕಡತಗಳಿರುವ ಇಎಫ್‌ಐ ವಿಭಾಗಕ್ಕೆ 512 ಎಂಬಿ, ಸ್ಟೇಬಲ್‌ಗೆ 40 ಜಿಬಿ, ಟೆಸ್ಟಿಂಗ್‌ಗೆ 40 ಜಿಬಿ, ರ‍್ಯಾಮ್ ಸಾಲದಾಗ ಬಳಕೆಯಾಗುವ ಸ್ವಾಪ್‌ಗೆ 8 ಜಿಬಿ ಕೊಟ್ಟೆ. ಉಳಿದ ಸುಮಾರು 150 ಜಿಬಿ ಎರಡಕ್ಕೂ ಸೇರಿದ ಡೇಟಾ ವಿಭಾಗ.

ಹೋಮ್ ಡೈರೆಕ್ಟರಿಯನ್ನು ಬೇಕೆಂದೇ ಹಂಚಿಕೊಳ್ಳಲಿಲ್ಲ. ಹೊಸ ಆವೃತ್ತಿಯ ಆಪ್ ತನ್ನ ಸೆಟ್ಟಿಂಗ್ ಕಡತಗಳನ್ನು ಹೊಸ ರೂಪಕ್ಕೆ ಬದಲಿಸಿಕೊಳ್ಳುತ್ತದೆ, ಹಳೆಯದು ಅದನ್ನು ಓದಲಾರದು. ಫೈರ್‌ಫಾಕ್ಸ್ ಅಂತೂ ಹೊಸ ಆವೃತ್ತಿಯಲ್ಲಿ ತೆರೆದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಬಿಡುವುದೇ ಇಲ್ಲ. ಕಡತಗಳು ಮಾತ್ರ ಹಂಚಿಕೆ, ಸೆಟ್ಟಿಂಗ್‌ಗಳು ಬೇರೆ ಬೇರೆ.

ಬುಕ್‌ವರ್ಮ್ 12.5ರ ನೆಟ್‌ಇನ್‌ಸ್ಟ್ ಐಎಸ್‌ಒ (ಉಳಿದದ್ದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಇನ್‌ಸ್ಟಾಲ್ ಕಡತ) ಸುಮಾರು 630 ಎಂಬಿ. ಅದರಿಂದಲೇ ಎರಡೂ ವಿಭಾಗಗಳಿಗೆ ಸ್ಟೇಬಲ್ ಹಾಕಿದೆ, ಎರಡನೆಯದಕ್ಕೆ ಡೆಸ್ಕ್‌ಟಾಪ್ ಇಲ್ಲದ ಬರೀ ಮೂಲ ಸಿಸ್ಟಂ.

ಇಲ್ಲೊಂದು ತೊಡಕಿದೆ. ಎರಡೂ ಡೆಬಿಯನ್‌ಗಳು ಇಎಫ್‌ಐ ವಿಭಾಗದಲ್ಲಿ 'ಡೆಬಿಯನ್' ಎಂಬ ಒಂದೇ ಫೋಲ್ಡರಿಗೆ ಗ್ರಬ್ (ಯಾವ ಸಿಸ್ಟಂ ಬೂಟ್ ಆಗಬೇಕೆಂದು ಮೆನು ತೋರಿಸುವ ಆಪ್) ಬರೆಯುತ್ತವೆ. ಯಾವುದು ಕೊನೆಗೆ ಬರೆಯಿತೋ ಮೆನು ಅದರದ್ದು. ಹಾಗೆಯೇ ಬಿಟ್ಟು ನೋಡಿದೆ: ಟೆಸ್ಟಿಂಗ್ ಕಡೆ ಗ್ರಬ್ ಅಪ್‌ಡೇಟ್ ಆದ ಕೂಡಲೇ ಮೆನು ಅದರ ಪಾಲಾಯಿತು, ಸ್ಟೇಬಲ್‌ನ ಹೆಸರೇ ಮೆನುವಿನಲ್ಲಿಲ್ಲ. ಬುಕ್‌ವರ್ಮ್‌ನಿಂದೀಚೆಗೆ ಬೇರೆ ಸಿಸ್ಟಂಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲವಾದ್ದರಿಂದ ಪಕ್ಕದ ಸಿಸ್ಟಂ ಅದಕ್ಕೆ ಕಾಣುವುದಿಲ್ಲ. ಕೊನೆಗೆ ನಿಂತ ವ್ಯವಸ್ಥೆ ಇದು: ಗ್ರಬ್‌ಗೆ ಯಜಮಾನ ಸ್ಟೇಬಲ್ ಮಾತ್ರ. ಟೆಸ್ಟಿಂಗ್‌ನಿಂದ ಗ್ರಬ್ ಪ್ಯಾಕೇಜುಗಳನ್ನೇ ತೆಗೆದೆ. ಸ್ಟೇಬಲ್‌ನ 40_ಕಸ್ಟಮ್ ಕಡತದಲ್ಲಿ ಟೆಸ್ಟಿಂಗ್‌ಗೆ ಕೈಯಾರೆ ಒಂದು ನಮೂದು ಬರೆದು, ಕರ್ನಲ್ (ಸಿಸ್ಟಂನ ತಿರುಳು) ಆವೃತ್ತಿಯ ಬದಲು ಟೆಸ್ಟಿಂಗ್‌ನ ರೂಟ್‌ನಲ್ಲಿರುವ 'ವಿಎಂಲಿನಜ್' ಮತ್ತು 'ಇನಿಟ್‌ಆರ್‌ಡಿ' ಕೊಂಡಿಗಳನ್ನು ತೋರಿಸಿದೆ. ಹೊಸ ಕರ್ನಲ್ ಬಂದಾಗ ಡೆಬಿಯನ್ ಆ ಕೊಂಡಿಗಳನ್ನು ತಾನೇ ಬದಲಿಸುತ್ತದೆ, ಮೆನು ಮುಟ್ಟಬೇಕಾಗಿಲ್ಲ. ಇದಾದಮೇಲೆ ಬೂಟ್ ವಿಷಯದಲ್ಲಿ ತಲೆನೋವಿಲ್ಲ.

ಹಂತ 2. ಎರಡನೆಯ ವಿಭಾಗವನ್ನು ಟೆಸ್ಟಿಂಗ್ ಮಾಡಿದ್ದು

ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್‌ನಲ್ಲಿ 'ಬುಕ್‌ವರ್ಮ್' ಇದ್ದಲ್ಲೆಲ್ಲ 'ಟ್ರಿಕ್ಸಿ' ಎಂದು ಬದಲಿಸಿದೆ. 'ಟೆಸ್ಟಿಂಗ್' ಎಂದು ಬರೆಯಲಿಲ್ಲ; ಕಾರಣ 8ನೇ ಹಂತದಲ್ಲಿದೆ. ಆಮೇಲೆ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಆಪ್ಟ್‌ನಿಂದ ಅಪ್‌ಡೇಟ್, ಫುಲ್-ಅಪ್‌ಗ್ರೇಡ್ (ಬೇಕಾದರೆ ಹಳೆಯ ಪ್ಯಾಕೇಜುಗಳನ್ನು ತೆಗೆದೂ ಏರಿಸುವುದು). ಡೆಸ್ಕ್‌ಟಾಪ್ ಇಲ್ಲದ್ದರಿಂದ ಡೌನ್‌ಲೋಡ್ ಒಂದೇ ದಿನದ ಮಿತಿಯೊಳಗೆ ಮುಗಿಯಿತು, ಗ್ನೋಮ್ ಡೆಸ್ಕ್‌ಟಾಪನ್ನು ಮರುದಿನ ಹಾಕಿದೆ. ಮೊದಲೇ ಗ್ನೋಮ್ ಹಾಕಿ ಆಮೇಲೆ ಏರಿಸಿದರೆ ಅಷ್ಟೂ ಪ್ಯಾಕೇಜುಗಳನ್ನು ಎರಡು ಸಲ ಇಳಿಸಬೇಕು.

ಟೆಸ್ಟಿಂಗ್‌ಗೆ ಬಂದ ಕೂಡಲೇ ಹಾಕಬೇಕಾದ ಎರಡು ಪ್ಯಾಕೇಜುಗಳು: ಆಪ್ಟ್-ಲಿಸ್ಟ್‌ಬಗ್ಸ್, ಆಪ್ಟ್-ಲಿಸ್ಟ್‌ಚೇಂಜಸ್. ಇನ್‌ಸ್ಟಾಲ್ ಆಗಲಿರುವ ಆವೃತ್ತಿಯ ಮೇಲೆ ಗಂಭೀರ ಬಗ್ ದಾಖಲಾಗಿದ್ದರೆ ಮೊದಲನೆಯದು ಅಲ್ಲೇ ನಿಲ್ಲಿಸಿ ಕೇಳುತ್ತದೆ. ಎರಡನೆಯದು ಬದಲಾವಣೆಯ ಸೂಚನೆಯನ್ನು ತೋರಿಸುತ್ತದೆ. ಸ್ಟೇಬಲ್‌ನಲ್ಲಿ ಇವಿಲ್ಲದೆ ವರ್ಷಗಟ್ಟಲೆ ನಡೆಯುತ್ತದೆ, ಟೆಸ್ಟಿಂಗ್‌ನಲ್ಲಿ ಇವಿಲ್ಲದೆ ಒಂದು ವಾರವೂ ಇರಬಾರದು.

ಒಂದು ವಿಷಯ ಮೊದಲೇ ತಿಳಿದಿರಲಿ: ಇದು ಒಮ್ಮುಖ ದಾರಿ. ಟೆಸ್ಟಿಂಗ್‌ನಿಂದ ಸ್ಟೇಬಲ್‌ಗೆ ಇಳಿಯುವುದಕ್ಕೆ ಡೆಬಿಯನ್ ಬೆಂಬಲ ಕೊಡುವುದಿಲ್ಲ. ವಾಪಸ್ ಬೇಕೆಂದರೆ ಅಳಿಸಿ ಹಾಕಬೇಕು.

ಹಂತ 3. ಮಾರ್ಚ್ 2024: ಟಿ64

ಸಿಡ್, ಅಂದರೆ ಹೊಸ ಪ್ಯಾಕೇಜುಗಳು ಮೊದಲು ಬರುವ ಅನ್‌ಸ್ಟೇಬಲ್, ಹೇಗಿದೆ ನೋಡೋಣ ಎಂದು ಅದನ್ನು ವರ್ಚುವಲ್ ಯಂತ್ರದಲ್ಲಿ ಇಟ್ಟುಕೊಂಡಿದ್ದೆ. ಫೆಬ್ರವರಿ ಕೊನೆಗೆ ಅಲ್ಲಿ ದೊಡ್ಡ ಕೆಲಸ ಶುರುವಾಯಿತು. 32 ಬಿಟ್ ಯಂತ್ರಗಳಲ್ಲಿ 2038ರ ಜನವರಿಯ ನಂತರದ ಸಮಯ ಎಣಿಸಲು ಜಾಗ ಸಾಲದು. ಅದಕ್ಕಾಗಿ ಸಮಯದ ಅಳತೆಯನ್ನು 64 ಬಿಟ್‌ಗೆ ಹಿಗ್ಗಿಸಿ, ಅದಕ್ಕೆ ಸಂಬಂಧಿಸಿದ ಲೈಬ್ರರಿಗಳನ್ನೆಲ್ಲ ಮತ್ತೆ ಕಟ್ಟಿದರು. ಲಿಬ್‌ಎಸ್‌ಎಸ್‌ಎಲ್3 ಇದ್ದದ್ದು ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ಹೀಗೆ ನೂರಾರು ಹೆಸರುಗಳು ಬದಲಾದವು. ನನ್ನಂಥ 64 ಬಿಟ್ ಯಂತ್ರಕ್ಕೆ ಒಳಗಿನ ಲೆಕ್ಕ ಬದಲಾಗಲಿಲ್ಲ, ಹೆಸರು ಬದಲಾದದ್ದು ಮಾತ್ರ ನಮಗೂ ತಟ್ಟಿತು.

ಸಿಡ್‌ನಲ್ಲಿ ಫುಲ್-ಅಪ್‌ಗ್ರೇಡನ್ನು '-ಎಸ್' ಆಯ್ಕೆ ಕೊಟ್ಟು ಬರೀ ಅಣಕು ಓಟ ಓಡಿಸಿದಾಗ ತೆರೆ ತುಂಬ 'ತೆಗೆಯಲಾಗುವ ಪ್ಯಾಕೇಜುಗಳು'. ಅದರಲ್ಲಿ ಗ್ನೋಮ್ ಮೆಟಾಪ್ಯಾಕೇಜ್, ಮುದ್ರಣಕ್ಕೆ ಬೇಕಾದ ಸಿಯುಪಿಎಸ್ ಎಲ್ಲವೂ ಇದ್ದವು. ಅರ್ಧ ಲೈಬ್ರರಿಗಳು ಹೊಸ ಹೆಸರಲ್ಲಿ, ಉಳಿದರ್ಧ ಹಳೆಯದರಲ್ಲಿ; ಎರಡನ್ನೂ ಕೇಳುವ ಆಪ್‌ಗಳಿಗೆ ಬೇರೆ ದಾರಿಯಿಲ್ಲ. ಆ ವಾರಗಳಲ್ಲಿ ಬರೀ 'ಅಪ್‌ಗ್ರೇಡ್' ಮಾತ್ರ ಓಡಿಸಿದೆ; ಅದು ಯಾವುದನ್ನೂ ಕಿತ್ತು ಹಾಕುವುದಿಲ್ಲ.

ಟೆಸ್ಟಿಂಗ್ ಕಡೆ ಇದೇ ಹೊತ್ತಿಗೆ ಆದದ್ದೇನು? ಏನೂ ಇಲ್ಲ. ಪ್ಯಾಕೇಜುಗಳು ಸಿಡ್‌ನಲ್ಲೇ ಸಿಕ್ಕಿಕೊಂಡವು, ಟೆಸ್ಟಿಂಗ್‌ಗೆ ಇಳಿಯಲಿಲ್ಲ. ಸಿಡ್‌ಗೆ ಬಂದ ಪ್ಯಾಕೇಜು ಸಾಮಾನ್ಯವಾಗಿ 2ರಿಂದ 10 ದಿನ ಅಲ್ಲಿ ಕೂರಬೇಕು, ಹೊಸ ಗಂಭೀರ ಬಗ್ ಇರಬಾರದು, ಅದು ಟೆಸ್ಟಿಂಗ್‌ಗೆ ಬಂದರೆ ಅಲ್ಲಿನ ಬೇರೆ ಯಾವುದೂ ಮುರಿಯಬಾರದು. ಈ ಜರಡಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡೆ. ಕಷ್ಟವೆಂದರೆ ಒಳ್ಳೆಯ ತಿದ್ದುಪಡಿಗಳೂ, ಭದ್ರತೆಯವೂ, ಅದೇ ಸಾಲಿನಲ್ಲಿ ಕಾಯುತ್ತವೆ. ಸ್ಟೇಬಲ್‌ಗೆ ಭದ್ರತಾ ತಂಡ ನೇರವಾಗಿ ತಿದ್ದುಪಡಿ ಕಳಿಸುತ್ತದೆ. ಟೆಸ್ಟಿಂಗ್‌ಗೆ ಬಹುಮಟ್ಟಿಗೆ ಸಿಡ್ ಮೂಲಕವೇ ಬರಬೇಕು. 'ಟೆಸ್ಟಿಂಗ್ ಅಂದರೆ ಸಿಡ್‌ಗಿಂತ ಸುರಕ್ಷಿತ' ಎಂದು ಕಣ್ಣುಮುಚ್ಚಿ ಹೇಳುವವರು ಇದನ್ನು ಗಮನಿಸಬೇಕು.

ಹಂತ 4. 29 ಮಾರ್ಚ್ 2024: ಎಕ್ಸ್‌ಜೆಡ್

ಸಿಡ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ಸಾಧನ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಕಂಡು ಬೆನ್ನುಹತ್ತಿದ ಪ್ರೋಗ್ರಾಮರ್ ಆಂಡ್ರೆಸ್ ಫ್ರಾಯಿಂಡ್, ಕಡತ ಕುಗ್ಗಿಸುವ ಎಕ್ಸ್‌ಜೆಡ್ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇರುವುದನ್ನು ಅಂದು ಬಹಿರಂಗಪಡಿಸಿದರು. ಅದನ್ನು ಬಿಡುಗಡೆಯ ಮೂಲ ಕೋಡ್ ಕಟ್ಟಿನ (ಟಾರ್‌ಬಾಲ್) ಬಿಲ್ಡ್ ಸ್ಕ್ರಿಪ್ಟಿನ ಮೂಲಕ ಒಳಗೆ ತಂದಿದ್ದರು. ಡೆಬಿಯನ್‌ನ ಎಸ್‌ಎಸ್‌ಎಚ್ ಸರ್ವರ್ ಸಿಸ್ಟಂಡಿ ಲೈಬ್ರರಿಯನ್ನು ಬಳಸುತ್ತದೆ, ಅದು ಎಕ್ಸ್‌ಜೆಡ್‌ನ ಎಲ್‌ಜೆಡ್‌ಎಂಎ ಲೈಬ್ರರಿಯನ್ನು ಎಳೆದು ತರುತ್ತದೆ. ಒಳನುಗ್ಗುವ ದಾರಿ ಅದೇ.

ಎರಡೂ ಕಡೆ ಪ್ಯಾಕೇಜುಗಳ ಲೆಕ್ಕವಿಡುವ ಡಿಪಿಕೆಜಿಯಿಂದ ಆವೃತ್ತಿ ನೋಡಿದೆ. ಅನುಮಾನ ಇರುವ ಎಕ್ಸ್‌ಜೆಡ್ ಅನ್ನೇ ಓಡಿಸಿ ಆವೃತ್ತಿ ಕೇಳಬಾರದು. ಸ್ಟೇಬಲ್‌ನಲ್ಲಿ 5.4.1, ಟೆಸ್ಟಿಂಗ್‌ನಲ್ಲಿ 5.6.0.

ಡೆಬಿಯನ್ ಅಂದೇ 5.6.1+ರಿಯಲಿ5.4.5-1 ಎಂಬ ವಿಚಿತ್ರ ಸಂಖ್ಯೆಯ ಪ್ಯಾಕೇಜು ಕೊಟ್ಟಿತು. ಆಪ್ಟ್ ಹಿಂದಿನ ಆವೃತ್ತಿಗೆ ತಾನಾಗಿ ಇಳಿಯುವುದಿಲ್ಲ, ಹಾಗಾಗಿ ಮೇಲೆ 5.6.1 ಎಂದು ತೋರಿಸಿ ಒಳಗೆ 5.4.5 ಇಟ್ಟಿದ್ದರು. ಅದನ್ನು ಹಾಕಿದರೆ ಸಾಕಿತ್ತೇನೋ. ನನ್ನ ಎಸ್‌ಎಸ್‌ಎಚ್ ಪೋರ್ಟ್ ಹೊರಗಿನ ಜಾಲಕ್ಕೆ ತೆರೆದೂ ಇರಲಿಲ್ಲ. ಆದರೂ 40 ಜಿಬಿ ವಿಭಾಗವನ್ನು ಅಳಿಸಿ, ಪೆನ್‌ಡ್ರೈವ್‌ನಿಂದ ಮತ್ತೆ ಬುಕ್‌ವರ್ಮ್ ಹಾಕಿ, ಟ್ರಿಕ್ಸಿಗೆ ಏರಿಸಿದೆ. ಎಸ್‌ಎಸ್‌ಎಚ್ ಕೀಗಳನ್ನೂ ಹೊಸದು ಮಾಡಿದೆ. ಡೇಟಾ ಬೇರೆ ವಿಭಾಗದಲ್ಲಿ, ಗ್ರಬ್ ಸ್ಟೇಬಲ್‌ನಲ್ಲಿ ಇದ್ದದ್ದರಿಂದ ಒಂದು ಸಂಜೆಯಲ್ಲಿ ಮುಗಿಯಿತು. ವಿಭಾಗದ ಗುರುತಿನ ಸಂಖ್ಯೆ (ಯುಯುಐಡಿ) ಬದಲಾಗಿರುತ್ತದೆ, 40_ಕಸ್ಟಮ್‌ನಲ್ಲಿ ಅದನ್ನು ತಿದ್ದಲು ಮರೆಯಬೇಡಿ.

ಇದು ಡೆಬಿಯನ್ ಒಂದರ ಕಥೆಯಾಗಿರಲಿಲ್ಲ. ಬೇರೆ ಲಿನಕ್ಸ್‌ಗಳಾದ ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್‌ಗಳಿಗೂ ಆ ಆವೃತ್ತಿ ತಲುಪಿತ್ತು. ಉಬುಂಟು 24.04ರ ಬೀಟಾ ಏಪ್ರಿಲ್ 4ರಿಂದ 11ಕ್ಕೆ ಹೋಯಿತು. ಡೆಬಿಯನ್ 12.6 ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಜೂನ್ 29ಕ್ಕೆ ಬಂತು. ಆದರೆ ಬಿಡುಗಡೆಯಾಗಿದ್ದ ಯಾವ ಡೆಬಿಯನ್ ಸ್ಟೇಬಲ್‌ಗೂ ಹಿಂಬಾಗಿಲು ತಲುಪಲಿಲ್ಲ. ಸಿಡ್ ಬಳಸುತ್ತಿದ್ದವರೊಬ್ಬರು ಅದನ್ನು ಹಿಡಿದರು ಎಂಬುದನ್ನು ಮರೆಯುವ ಹಾಗಿಲ್ಲ.

ಸ್ಟೇಬಲ್‌ನಲ್ಲಿ ಏನೂ ಕೆಡುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. 2023ರ ಡಿಸೆಂಬರ್‌ನಲ್ಲಿ 12.3ರ ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಡೇಟಾ ಕೆಡಿಸುವ ದೋಷ ಸಿಕ್ಕಿ, ಆ ಬಿಡುಗಡೆಯನ್ನು ತಡೆದು ಮರುದಿನವೇ 12.4 ಕೊಟ್ಟರು. ಬ್ಯಾಕಪ್ ಎರಡೂ ಕಡೆ ಬೇಕು.

ಹಂತ 5. 2024ರ ನಡುಭಾಗ: ಓಸಿಆರ್ ಕೆಲಸ ನಡುವೆ ನಿಂತಿದ್ದು

ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳನ್ನು ಪುಟಪುಟವಾಗಿ ಚಿತ್ರ ಮಾಡಿ ಓಸಿಆರ್ ಮಾಡುವ ಟೆಸರಾಕ್ಟ್‌ಗೆ ಕೊಡುತ್ತೇನೆ. ಕನ್ನಡಕ್ಕೆ ಟೆಸರಾಕ್ಟ್-ಓಸಿಆರ್-ಕೆಎಎನ್ ಪ್ಯಾಕೇಜು ಇದೆ. ಚಿತ್ರಗಳು ತಾತ್ಕಾಲಿಕ ಕಡತಗಳ ಜಾಗವಾದ /ಟಿಎಂಪಿಗೆ ಹೋಗುವಂತೆ ಸ್ಕ್ರಿಪ್ಟ್ ಬರೆದಿದ್ದೆ. ಸ್ಟೇಬಲ್‌ನಲ್ಲಿ ಎಷ್ಟು ಪುಟವಾದರೂ ಸರಿ. ಟೆಸ್ಟಿಂಗ್‌ನಲ್ಲಿ 160ನೇ ಪುಟದ ಆಸುಪಾಸಿನಲ್ಲಿ 'ಡಿಸ್ಕ್‌ನಲ್ಲಿ ಜಾಗವಿಲ್ಲ'. ರೂಟ್ ವಿಭಾಗದಲ್ಲಿ ನೋಡಿದರೆ 20 ಜಿಬಿಗೂ ಹೆಚ್ಚು ಖಾಲಿ ಇದೆ.

ಡಿಎಫ್ ಆಜ್ಞೆಯಲ್ಲಿ ಉತ್ತರವಿತ್ತು: /ಟಿಎಂಪಿ ಈಗ ಟಿಎಂಪಿಎಫ್‌ಎಸ್, ಅಂದರೆ ರ‍್ಯಾಮ್‌ನಲ್ಲಿದೆ, ರ‍್ಯಾಮ್‌ನ ಅರ್ಧದಷ್ಟು. ನನಗೆ ಸಿಕ್ಕಿದ್ದು 3.9 ಜಿಬಿ. ಎ4 ಪುಟ 300 ಡಿಪಿಐನಲ್ಲಿ 2480 × 3508 ಪಿಕ್ಸೆಲ್, ಪಿಕ್ಸೆಲ್‌ಗೆ 3 ಬೈಟ್, ಪುಟಕ್ಕೆ ಸುಮಾರು 26 ಎಂಬಿ. ಲೆಕ್ಕ ಸರಿಹೋಯಿತು.

ಪರಿಹಾರ ಎರಡು. 'ಟಿಎಂಪಿ ಡಾಟ್ ಮೌಂಟ್' ಅನ್ನು ಸಿಸ್ಟಂಸಿಟಿಎಲ್‌ನಿಂದ ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಹಳೆಯ ರೀತಿಗೆ ಮರಳುತ್ತದೆ. ನಾನು ಹಾಗೆ ಮಾಡದೆ ಸ್ಕ್ರಿಪ್ಟಿನ ದಾರಿಯನ್ನೇ ಡೇಟಾ ವಿಭಾಗಕ್ಕೆ ತಿರುಗಿಸಿದೆ, ಸಣ್ಣ ತಾತ್ಕಾಲಿಕ ಕಡತಗಳು ರ‍್ಯಾಮ್‌ನಲ್ಲಿದ್ದರೆ ಎಸ್‌ಎಸ್‌ಡಿಗೂ ಒಳ್ಳೆಯದು.

ಇದೇ ಬದಲಾವಣೆ ಸ್ಟೇಬಲ್ ಬಳಸುವವರಿಗೂ ಬಂತು, ಆದರೆ 2025ರ ಆಗಸ್ಟ್‌ನಲ್ಲಿ, ಟ್ರಿಕ್ಸಿಯ ಬಿಡುಗಡೆ ಟಿಪ್ಪಣಿಯಲ್ಲಿ ವಿವರಣೆ, ಪರಿಹಾರ ಸಮೇತ. ಅಪ್‌ಗ್ರೇಡ್‌ಗೆ ಒಂದು ಭಾನುವಾರ ಇಟ್ಟುಕೊಂಡು, ಟಿಪ್ಪಣಿ ಓದಿ, ಸ್ಕ್ರಿಪ್ಟ್ ತಿದ್ದಿಕೊಳ್ಳಬಹುದು. ಟೆಸ್ಟಿಂಗ್‌ನಲ್ಲಿ ಅದು ಕೆಲಸದ ನಡುವೆ ಬರುತ್ತದೆ. ಎರಡರ ನಡುವಿನ ವ್ಯತ್ಯಾಸ ಕೇಳಿದವರಿಗೆ ನಾನು ಹೇಳುವ ಉದಾಹರಣೆ ಇದೇ.

ಹಂತ 6. ಜನವರಿ–ಜುಲೈ 2025: ಕನ್ನಡ ಪರೀಕ್ಷಾ ಹಾಳೆ ಮತ್ತು ಫ್ರೀಜ್

ಮುಖ್ಯ ಕೆಲಸ ಇಲ್ಲಿದೆ. ಒಂದು ಪುಟದ ಪರೀಕ್ಷಾ ಹಾಳೆ ಮಾಡಿಕೊಂಡೆ. ಅದರಲ್ಲಿ ಎರಡು ಒತ್ತಕ್ಷರ ಬರುವ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಅರ್ಕಾವೊತ್ತಿನ ಸೂರ್ಯ, ಅದರ ಪಕ್ಕದಲ್ಲೇ ಜೆಡ್‌ಡಬ್ಲ್ಯುಜೆ (ಅಕ್ಷರಗಳು ಕೂಡುವ ರೀತಿಯನ್ನು ಹೇಳುವ, ಕಣ್ಣಿಗೆ ಕಾಣದ ಗುರುತು) ಬೇಕಾಗುವ ರ‍್ಯಾಂಕ್, ಜೆಡ್‌ಡಬ್ಲ್ಯುಎನ್‌ಜೆ ಇರುವ ಸಾಫ್ಟ್‌ವೇರ್, ಹಳಗನ್ನಡದ ಱ ಮತ್ತು ೞ, ಕನ್ನಡ ಅಂಕಿಗಳು. ಟೈಪಿಂಗ್ ಸಾಧನ ಐಬಸ್-ಎಂ17ಎನ್‌ನ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಇಡೀ ಹಾಳೆಯನ್ನು ಟೈಪ್ ಮಾಡುವುದು, ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡುವುದು, ಪಿಡಿಎಫ್‌ನಿಂದ ಕಾಪಿ ಮಾಡಿ ಮತ್ತೆ ಅಂಟಿಸಿ ಅಕ್ಷರಗಳು ಉಳಿದವೇ ನೋಡುವುದು. ಫಾಂಟ್‌ಗಳು: ಲೋಹಿತ್, ಗುಬ್ಬಿ, ನವಿಲು, ನೋಟೋ. ಪ್ರತಿ ದೊಡ್ಡ ಅಪ್‌ಡೇಟ್ ಆದಮೇಲೂ ಇದನ್ನೇ ಮಾಡಿ ಬುಕ್‌ವರ್ಮ್‌ನ ಪಿಡಿಎಫ್ ಪಕ್ಕ ಇಟ್ಟು ಹೋಲಿಸುತ್ತಿದ್ದೆ.

ಜನವರಿಯಲ್ಲಿ ಒಂದು ಟಿಪ್ಪಣಿ ಆಪ್‌ನಲ್ಲಿ ತೊಂದರೆ ಸಿಕ್ಕಿತು. ಸಾಲಿನ ಎತ್ತರವನ್ನು ಅದು ಲ್ಯಾಟಿನ್ ಫಾಂಟಿನ ಲೆಕ್ಕದಲ್ಲಿ ಇಡುತ್ತಿತ್ತು. 'ಸ್ತ್ರೀ'ಯ ಕೆಳಗಿನ ರ ಒತ್ತು ಪಟ್ಟಿಯ ಅಂಚಿಗೆ ಬಂದು ಕತ್ತರಿಸಿ ಹೋಗುತ್ತಿತ್ತು, 'ಸ್ತೀ' ಎಂದೇ ಓದಬೇಕು. ಬುಕ್‌ವರ್ಮ್‌ನ ಹಳೆಯ ಆವೃತ್ತಿಯಲ್ಲಿ ಸರಿಯಾಗಿತ್ತು. ರಿಪೋರ್ಟ್‌ಬಗ್‌ನಿಂದ ದೂರು ಕಳಿಸಿದೆ: ಎರಡೂ ಆವೃತ್ತಿಗಳ ತೆರೆಚಿತ್ರ, ಫಾಂಟ್ ಹೆಸರು, ಟೈಪ್ ಮಾಡಬೇಕಾದ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳು, ಕನ್ನಡ ಓದಲು ಬಾರದವರಿಗೂ ತಿಳಿಯುವಂತೆ 'ಈ ಭಾಗ ಕಾಣಬೇಕು' ಎಂಬ ಕೆಂಪು ಗುರುತು. ಆ ಕೆಂಪು ಗುರುತಿಗೆ ಬೆಲೆಯಿದೆ. ದೂರು ಓದುವವರಿಗೆ ನಮ್ಮ ಲಿಪಿ ಗೊತ್ತಿರುವುದಿಲ್ಲ. ಬಿಡುಗಡೆಯ ತಯಾರಿಗಾಗಿ ಬದಲಾವಣೆಗಳನ್ನು ಹಂತಹಂತವಾಗಿ ತಡೆಯುವುದೇ ಫ್ರೀಜ್. ತಿದ್ದುಪಡಿ ಫ್ರೀಜ್‌ಗೆ ಮುಂಚೆ ಟೆಸ್ಟಿಂಗ್‌ಗೆ ಬಂತು.

'ಫ್ರೀಜ್‌ಗೆ ಮುಂಚೆ' ಎಂಬುದು ಯಾಕೆ ಮುಖ್ಯ? 2025ರ ಮಾರ್ಚ್ 15ಕ್ಕೆ ಮೊದಲ ಫ್ರೀಜ್, ದೊಡ್ಡ ಲೈಬ್ರರಿ ಬದಲಾವಣೆಗಳು ಬಂದ್. ಏಪ್ರಿಲ್ 15ಕ್ಕೆ ಸಾಫ್ಟ್ ಫ್ರೀಜ್, ಸಣ್ಣ ತಿದ್ದುಪಡಿಗಳಿಗೆ ಮಾತ್ರ ಅವಕಾಶ. ಮೇ 15ಕ್ಕೆ ಹಾರ್ಡ್ ಫ್ರೀಜ್: ಮುಖ್ಯ ಪ್ಯಾಕೇಜುಗಳಿಗೆ ರಿಲೀಸ್ ತಂಡದ ಅನುಮತಿ ಬೇಕು. ಜುಲೈ 27ಕ್ಕೆ ಪೂರ್ಣ ಫ್ರೀಜ್. ಚಳಿಗಾಲದಲ್ಲಿ ಹಾಟ್‌ಸ್ಪಾಟ್ ಮಿತಿಯನ್ನು ತಿಂದು ಹಾಕುತ್ತಿದ್ದ ಅಪ್‌ಡೇಟ್‌ಗಳು ಜೂನ್ ಹೊತ್ತಿಗೆ ಕೆಲವೇ ಎಂಬಿಗಳಿಗೆ ಇಳಿದವು. ಕರ್ನಲ್ 6.12ರಲ್ಲಿ, ಗ್ನೋಮ್ 48ರಲ್ಲಿ, ಲಿಬ್ರೆಆಫೀಸ್ 25.2ರಲ್ಲಿ ನಿಂತವು. ಬುಕ್‌ವರ್ಮ್ ಅಷ್ಟೂ ಕಾಲ 6.1, 43, 7.4ರಲ್ಲೇ ಇತ್ತು.

ಬಿಡುಗಡೆಯ ನಂತರ ಸ್ಟೇಬಲ್‌ಗೆ ತಿದ್ದುಪಡಿ ಸೇರಬೇಕಾದರೆ ಬಗ್‌ನ ತೀವ್ರತೆ 'ಇಂಪಾರ್ಟೆಂಟ್' ಅಥವಾ ಅದಕ್ಕಿಂತ ಮೇಲಿರಬೇಕು. ಒತ್ತಕ್ಷರ ಕತ್ತರಿಸಿ ಹೋಗುವುದಕ್ಕೆ ಸಿಗುವ ದರ್ಜೆ ಸಾಮಾನ್ಯವಾಗಿ 'ನಾರ್ಮಲ್'. ಅಂದರೆ ಅದು ಬಿಡುಗಡೆಯನ್ನು ತಡೆಯುವುದಿಲ್ಲ, ಬಿಡುಗಡೆ ಆದಮೇಲೆ ಸರಿಯಾಗುವುದೂ ಇಲ್ಲ. ಮುಂದಿನ ಸ್ಟೇಬಲ್ ಬರುವವರೆಗೆ ಎರಡು ವರ್ಷ ಹಾಗೆಯೇ. ಶಾಲೆ, ಕಚೇರಿಗಳಲ್ಲಿ ಸ್ಟೇಬಲ್ ಹಾಕಿ ಬಿಟ್ಟವರಿಗೆ ಇನ್ನೂ ಹೆಚ್ಚು ಕಾಲ, ಯಾಕೆಂದರೆ ಟ್ರಿಕ್ಸಿಗೆ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) 2030ರ ಜೂನ್‌ವರೆಗೆ ಇದೆ. ಯಾವುದೂ ಬದಲಾಗುವುದಿಲ್ಲ ಎಂಬುದೇ ಸ್ಟೇಬಲ್‌ನ ಗುಣ, ಕೆಟ್ಟ ಕನ್ನಡವೂ ಬದಲಾಗದೆ ಉಳಿಯುತ್ತದೆ. ಫ್ರೀಜ್‌ಗೆ ಮುಂಚಿನ ತಿಂಗಳುಗಳಲ್ಲಿ ಕನ್ನಡದವರು ಕೆಲವರಾದರೂ ಟೆಸ್ಟಿಂಗ್‌ನಲ್ಲಿ ಟೈಪ್ ಮಾಡಿ ನೋಡಲೇಬೇಕು. ನಮ್ಮ ಪರವಾಗಿ ಬೇರೆ ಯಾರೂ ನೋಡುವುದಿಲ್ಲ.

ಹಂತ 7. ಕೈಬಿಟ್ಟ ಪ್ರಯತ್ನ: ಬೆರಕೆ

ನಡುವೆ ಒಮ್ಮೆ, ಸ್ಟೇಬಲ್‌ನಲ್ಲೇ ಇದ್ದು ಹೊಸ ಲಿಬ್ರೆಆಫೀಸ್ ಒಂದನ್ನು ಟ್ರಿಕ್ಸಿಯಿಂದ ಎಳೆಯಬಹುದೇ ಎಂದು ಪಿನ್ನಿಂಗ್ (ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಬರಬೇಕೆಂಬ ನಿಯಮ) ಇಟ್ಟು ಅಣಕು ಓಟ ಮಾಡಿದೆ. ಎಲ್ಲಕ್ಕೂ ತಳಹದಿಯಾದ ಲಿಬ್‌ಸಿ6 ಲೈಬ್ರರಿ ಹೊಸದು ಬೇಕು ಎಂದಿತು, ಅದರ ಹಿಂದೆ ಸಿ++ ಲೈಬ್ರರಿ, ಪೈಥಾನ್, ಹೀಗೆ ಪಟ್ಟಿ ಬೆಳೆಯಿತು. ಮುಂದುವರಿದಿದ್ದರೆ ಸ್ಟೇಬಲೂ ಅಲ್ಲದ ಟೆಸ್ಟಿಂಗೂ ಅಲ್ಲದ, ಯಾರೂ ಪರೀಕ್ಷೆ ಮಾಡಿರದ ಸಿಸ್ಟಂ ಆಗುತ್ತಿತ್ತು. ಸಾಲು ತೆಗೆದುಹಾಕಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಸೇರಿಸಿದೆ. ಅಲ್ಲಿನ ಲಿಬ್ರೆಆಫೀಸನ್ನು ಬುಕ್‌ವರ್ಮ್‌ಗಾಗಿಯೇ ಕಟ್ಟಿರುತ್ತಾರೆ, ಲಿಬ್‌ಸಿ6 ಮುಟ್ಟುವುದಿಲ್ಲ. ಒಂದೆರಡು ಹೊಸ ಆಪ್ ಮಾತ್ರ ಬೇಕೆನ್ನುವವರಿಗೆ ಇಷ್ಟೇ ಸಾಕು.

ಹಂತ 8. 9 ಆಗಸ್ಟ್ 2025

ಸೋರ್ಸಸ್ ಲಿಸ್ಟ್‌ನಲ್ಲಿ 'ಟ್ರಿಕ್ಸಿ' ಎಂದು ಬರೆದದ್ದು ಈಗ ಕೆಲಸಕ್ಕೆ ಬಂತು. ಆಪ್ಟ್ ಅಪ್‌ಡೇಟ್‌ನಲ್ಲಿ ರೆಪೊಸಿಟರಿಯ ಸೂಟ್ 'ಟೆಸ್ಟಿಂಗ್'ನಿಂದ 'ಸ್ಟೇಬಲ್'ಗೆ ಬದಲಾಗಿದೆ ಎಂಬ ಸೂಚನೆ ಬಂತು, ಅಷ್ಟೆ. ಮರು ಇನ್‌ಸ್ಟಾಲ್ ಇಲ್ಲ, ದೊಡ್ಡ ಡೌನ್‌ಲೋಡ್ ಇಲ್ಲ. 'ಟೆಸ್ಟಿಂಗ್' ಎಂದು ಬರೆದಿದ್ದರೆ ಅದು ಮುಂದಿನ ಟೆಸ್ಟಿಂಗ್ ಆದ ಫೋರ್ಕಿಗೆ ಸಾಗುತ್ತಿತ್ತು. ಬಿಡುಗಡೆಯಾದ ಕೂಡಲೇ ಫ್ರೀಜ್ ತೆರೆದು, ತಿಂಗಳುಗಟ್ಟಲೆ ತಡೆದಿದ್ದ ಹೊಸ ಪ್ಯಾಕೇಜುಗಳೆಲ್ಲ ಒಟ್ಟಿಗೆ ನುಗ್ಗುವ ಹೊತ್ತು ಅದು; ಟೆಸ್ಟಿಂಗ್ ಅತಿ ಹೆಚ್ಚು ಅಲುಗಾಡುವುದೂ ಆಗಲೇ.

ಹಂತ 9. ಬುಕ್‌ವರ್ಮ್ ವಿಭಾಗವನ್ನು ಏರಿಸಿದ್ದು

ಬಿಡುಗಡೆ ಟಿಪ್ಪಣಿಯ ಕ್ರಮದಲ್ಲೇ ಮಾಡಿದೆ. ಮೊದಲು 12ರ ಇತ್ತೀಚಿನ ಅಪ್‌ಡೇಟ್‌ಗಳು, ಡೇಟಾ ಬ್ಯಾಕಪ್, ಬ್ಯಾಕ್‌ಪೋರ್ಟ್ಸ್ ಸಾಲಿಗೆ ಕಾಮೆಂಟ್ ಗುರುತು. ನಂತರ ಹೆಸರು ಬದಲಿಸಿ, ಹೊಸ ಪ್ಯಾಕೇಜು ಸೇರಿಸದ ಕನಿಷ್ಠ ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್. ಡೌನ್‌ಲೋಡ್ ದಿನದ ಮಿತಿಯನ್ನು ದಾಟಿತು. ಆದರೆ ಬೇಕಾದ ಹೆಚ್ಚಿನ ಪ್ಯಾಕೇಜುಗಳು ಪಕ್ಕದ ವಿಭಾಗದ ಆಪ್ಟ್ ಕ್ಯಾಶ್‌ನಲ್ಲೇ ಇದ್ದವು. 'ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್'ಗೆ ನಕಲು ಮಾಡಿದ ಮೇಲೆ ಇಳಿಸಬೇಕಾದದ್ದು ಬಹಳ ಕಡಿಮೆಯಾಯಿತು. ಕ್ಯಾಶ್‌ನಲ್ಲಿರುವುದು ಅದೇ ಆವೃತ್ತಿಯಾಗಿದ್ದರೆ ಮಾತ್ರ ಆಪ್ಟ್ ಬಳಸುತ್ತದೆ, ಹಾಗಾಗಿ ಅಪಾಯವಿಲ್ಲ.

ಈಗ ಮೊದಲ ವಿಭಾಗ ಟ್ರಿಕ್ಸಿ ಸ್ಟೇಬಲ್, ದಿನನಿತ್ಯದ ಕೆಲಸವೆಲ್ಲ ಅದರಲ್ಲಿ. ಎರಡನೆಯದನ್ನು ಬಿಡುಗಡೆಯ ಗದ್ದಲ ತಣ್ಣಗಾಗುವವರೆಗೆ ಹಾಗೆಯೇ ಇಟ್ಟು, ನಂತರ 'ಫೋರ್ಕಿ' ಎಂದು ಬದಲಿಸಿದ್ದೇನೆ. ಪರೀಕ್ಷಾ ಹಾಳೆಗೆ ಇನ್ನೆರಡು ಸಾಲು ಸೇರಿವೆ: ಪಿಡಿಎಫ್ ಒಳಗೆ ಕನ್ನಡ ಪದ ಹುಡುಕುವುದು, ಮತ್ತು ಕಡತದ ಹೆಸರುಗಳನ್ನು ಕನ್ನಡ ಅಕಾರಾದಿಯಲ್ಲಿ ಜೋಡಿಸುವುದು.